ಹಲ್ಲು ಸಾಲಿನ ಮೇಷ್ಟ್ರು: ಪ್ರೊ. ರವೀಂದ್ರ ನಂದಾ



ಡೆನ್ನಿ ಟ್ರಯಾಂಗಲ್‌ನ ಆಫೀಸುಗಳಲ್ಲಿ ದುಡಿಯುವ ನಾವು ಕೆಲವು ಕನ್ನಡಿಗರು ಮಧ್ಯಾಹ್ನದ ಊಟಕ್ಕೆ ಸೇರಿದಾಗ ಎರಡು ಮಾತು ತಪ್ಪದೆ ಬರುತ್ತವೆ. ಒಂದು, ಮಕ್ಕಳ ಹಲ್ಲಿನ ಬ್ರೇಸಸ್. ಇನ್ನೊಂದು, ಊರಿನಲ್ಲಿ ಬಿ.ಡಿ.ಎಸ್. ಮುಗಿಸಿ ಬಂದು ಇಲ್ಲಿ ಮತ್ತೆ ವಿದ್ಯಾರ್ಥಿಗಳಾಗಬೇಕಾದ ದಂತವೈದ್ಯರ ಪಾಡು. ಈ ಎರಡಕ್ಕೂ ಸಂಬಂಧಿಸಿದ ಹಿರಿಯರೊಬ್ಬರ ಪರಿಚಯ ಇಲ್ಲಿದೆ. ಅವರು ಕನ್ನಡಿಗರಲ್ಲ, ಆದರೆ ಅವರು ನಡೆದ ದಾರಿ ನಮಗೆ ಗುರುತಿನದು.

ಪ್ರೊ. ರವೀಂದ್ರ ನಂದಾ ಲಕ್ನೋದಲ್ಲಿ ದಂತವೈದ್ಯಕೀಯ ಮತ್ತು ಆರ್ಥೊಡಾಂಟಿಕ್ಸ್ (ವಕ್ರದಂತ ಚಿಕಿತ್ಸೆ) ಕಲಿತರು. ನಂತರ ಹಾಲೆಂಡಿನ ನೈಮೇಖನ್ ವಿಶ್ವವಿದ್ಯಾಲಯದಿಂದ 1969ರಲ್ಲಿ ಪಿಎಚ್.ಡಿ. ಪಡೆದರು. 1970ರಿಂದ 72ರವರೆಗೆ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದು, ಬಳಿಕ ಆಗಷ್ಟೇ ಶುರುವಾಗಿದ್ದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ದಂತ ಶಾಲೆ ಸೇರಿದರು. ಆರ್ಥೊಡಾಂಟಿಕ್ಸ್ ತರಬೇತಿಯನ್ನು ಅಲ್ಲಿಯೂ ಪಡೆದರು. 1979ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು, 1992ರಿಂದ ಆರ್ಥೊಡಾಂಟಿಕ್ಸ್ ವಿಭಾಗವನ್ನು ನಡೆಸಿದರು.

ಅವರ ಕ್ಷೇತ್ರ ಬಯೋಮೆಕ್ಯಾನಿಕ್ಸ್. ನಮ್ಮಂಥ ಎಂಜಿನಿಯರುಗಳಿಗೆ ಇದು ಹೈಸ್ಕೂಲಿನ ಸನ್ನೆಕೋಲಿನ ಪಾಠವೇ. ತಂತಿ ತಳ್ಳುವುದು ಹಲ್ಲಿನ ಮೇಲ್ಭಾಗವನ್ನು. ಆದರೆ ಹಲ್ಲಿನ ಪ್ರತಿರೋಧದ ಕೇಂದ್ರ ಇರುವುದು ಬೇರಿನಲ್ಲಿ. ಬರಿದೇ ತಳ್ಳಿದರೆ ಹಲ್ಲು ವಾಲುತ್ತದೆ. ನೇರವಾಗಿ ಸರಿಯಬೇಕಾದರೆ ತಿರುಗುಬಲವನ್ನೂ ಲೆಕ್ಕ ಹಾಕಿ ಕೊಡಬೇಕು. ಈ ಲೆಕ್ಕಾಚಾರಕ್ಕೆ ಹೆಸರಾದ ಚಾರ್ಲ್ಸ್ ಬರ್ಸ್ಟೋನ್ ಕನೆಕ್ಟಿಕಟ್‌ನಲ್ಲಿ ನಂದಾ ಅವರ ಸಹೋದ್ಯೋಗಿಯಾಗಿದ್ದರು. ನಂದಾ ಅವರ 'ಬಯೋಮೆಕ್ಯಾನಿಕ್ಸ್ ಇನ್ ಕ್ಲಿನಿಕಲ್ ಆರ್ಥೊಡಾಂಟಿಕ್ಸ್' ಪುಸ್ತಕ 1997ರಲ್ಲಿ ಬಂತು.

ಕೆಳದವಡೆ ಮುಂದಿರುವ ಮಕ್ಕಳ ಮೇಲ್ದವಡೆಯನ್ನು ಮುಂದಕ್ಕೆಳೆಯುವ ಮುಖದ ಸಾಧನದ ಬಗ್ಗೆ ಅವರು 1980ರಲ್ಲಿ ಬರೆದರು. ಮೂಳೆ ಬೆಳೆಯುವ ಚಿಕ್ಕ ವಯಸ್ಸಿನಲ್ಲೇ ಈ ಚಿಕಿತ್ಸೆಗೆ ಫಲ ಹೆಚ್ಚು. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಏಳು ವರ್ಷದೊಳಗೆ ಮೊದಲ ತಪಾಸಣೆ ಮಾಡಿಸಿ ಎನ್ನುವುದಕ್ಕೆ ಇಂಥ ತೊಂದರೆಗಳೂ ಕಾರಣ. ಹೆತ್ತವರು ಗಮನಿಸಿ.

ಭಾರತದ ಪದವಿಯೊಂದರಿಂದಲೇ ಇಲ್ಲಿನ ಬಹುತೇಕ ರಾಜ್ಯಗಳಲ್ಲಿ ಪ್ರಾಕ್ಟೀಸ್ ಮಾಡಲಾಗದು. ಸಾಮಾನ್ಯವಾಗಿ ಮಾನ್ಯತೆಯುಳ್ಳ ಕಾಲೇಜಿನಲ್ಲಿ ಮತ್ತೆ ಎರಡು-ಮೂರು ವರ್ಷ ಓದಬೇಕು, ಖರ್ಚೂ ಬಹಳ. ಮಣಿಪಾಲ, ಬೆಂಗಳೂರುಗಳಲ್ಲಿ ಓದಿ ಬಂದ ಎಷ್ಟೋ ಮಂದಿ ಇದೇ ಹೊಸ್ತಿಲಲ್ಲಿ ಕೈಚೆಲ್ಲುತ್ತಾರೆ. ಮೂರು ದೇಶಗಳಲ್ಲಿ ಕಲಿತ ನಂದಾ ಅವರ ಬದುಕು ನೋಡಿದರೆ, ಮತ್ತೆ ಬೆಂಚಿನ ಮೇಲೆ ಕೂರುವುದು ಹಿನ್ನಡೆಯಲ್ಲ ಎನಿಸುತ್ತದೆ.

ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಇದನ್ನು ಅವರಿಗೆ ಓದಿ ಹೇಳಿ.