ಕಿವಿಯೊಳಗಿನ ಇಂಪ್ಲಾಂಟ್ ತಂತಿ ತುಕ್ಕು ಹಿಡಿದು ಮೆದುಳಿಗೆ ಶಾಕ್ ಹೊಡೆಯುತ್ತದೆಯೇ?

ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದಿದ್ದು, ಹಿಯರಿಂಗ್ ಏಡ್‌ನಿಂದಲೂ ಪ್ರಯೋಜನವಾಗದಿದ್ದರೆ ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಸೂಚಿಸುತ್ತಾರೆ. ತಲೆಯೊಳಗೆ ಕರೆಂಟಿನ ತಂತಿ ಎಂದರೆ ಯಾರಿಗಾದರೂ ಭಯವೇ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೋರ್‌ವೆಲ್ ಕೇಬಲ್ ನೀರಿನಲ್ಲಿ ಹಾಳಾಗುವುದನ್ನು ಕಂಡವರಿಗೆ ಈ ಅನುಮಾನ ಬರುವುದು ಸಹಜ. ಹಾಗಾದರೆ ನಿಜವೇನು?

ತಂತಿ ಇರುವುದು ಎಲ್ಲಿ?
ಮೆದುಳಿನಲ್ಲಿ ಅಲ್ಲ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾದಲ್ಲಿ. ಕಿವಿಯ ಹಿಂದೆ ಧರಿಸುವ ಯಂತ್ರ ಶಬ್ದವನ್ನು ಸಂಕೇತವಾಗಿಸಿ ಚರ್ಮದ ಮೂಲಕ ಒಳಗೆ ಕಳಿಸುತ್ತದೆ. ಒಳಗಿನ 12ರಿಂದ 22 ಎಲೆಕ್ಟ್ರೋಡ್‌ಗಳು ಅದನ್ನು ಸಣ್ಣ ವಿದ್ಯುತ್ ಮಿಡಿತಗಳಾಗಿ ಶ್ರವಣ ನರಕ್ಕೆ ಮುಟ್ಟಿಸುತ್ತವೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ತಂಡ ತನ್ನ ಮೊದಲ ರೋಗಿಗೆ ಇಂಥ ಸಾಧನ ಅಳವಡಿಸಿದ್ದು 1978ರಲ್ಲಿ. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ತುಕ್ಕು, ಶಾಕ್?
ತುಕ್ಕು ಹಿಡಿಯುವುದು ಕಬ್ಬಿಣ. ಇಲ್ಲಿರುವುದು ಪ್ಲಾಟಿನಂ, ಸುತ್ತ ಮೆತ್ತನೆಯ ಸಿಲಿಕೋನ್ ಇರುತ್ತದೆ. ಪ್ರತಿ ಮಿಡಿತದಲ್ಲೂ ಒಂದು ದಿಕ್ಕಿಗೆ ಹರಿದಷ್ಟೇ ವಿದ್ಯುತ್ ತಕ್ಷಣ ಹಿಂದಕ್ಕೂ ಹರಿಯುವುದರಿಂದ ಅದು ಅಂಗಾಂಶದಲ್ಲಿ ಶೇಖರವಾಗುವುದಿಲ್ಲ. ಸಾಮಾನ್ಯವಾಗಿ ಶಕ್ತಿ ಬರುವುದೂ ಹೊರಗಿನ ಯಂತ್ರದಿಂದಲೇ. ಅದನ್ನು ತೆಗೆದಿಟ್ಟರೆ ಒಳಗಿನದು ಸುಮ್ಮನಾಗುತ್ತದೆ.

ಹಾಗಿದ್ದರೆ ಹೊಸ ಲೇಪನ ಏಕೆ?
ಲೋಹ ಗಟ್ಟಿ, ನರ ಮೆತ್ತಗೆ. ಒಳಗೆ ಬಂದ ಹೊರಗಿನ ವಸ್ತುವಿನ ಸುತ್ತ ದೇಹ ಗಾಯದ ಕಲೆಯಂಥ ಪದರ ಕಟ್ಟುತ್ತದೆ. ಆಗ ವಿದ್ಯುತ್ ದಾಟುವುದು ಕಷ್ಟ. ಎಲೆಕ್ಟ್ರೋಡ್ ಚಿಕ್ಕದಾದಷ್ಟೂ ಈ ತೊಂದರೆ ಹೆಚ್ಚು. ಅದಕ್ಕಾಗಿ ವಿಜ್ಞಾನಿಗಳು ಲೋಹದ ಮೇಲೆ ಪೆಡಾಟ್‌ನಂಥ, ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಬಳಿಯುವುದನ್ನು ಪರೀಕ್ಷಿಸುತ್ತಿದ್ದಾರೆ. ಸ್ಪಂಜಿನಂಥ ಈ ಪದರದ ಮೂಲಕ ವಿದ್ಯುತ್ ಸುಲಭವಾಗಿ ನರಕ್ಕೆ ದಾಟುತ್ತದೆ. ವಿದ್ಯುತ್ ಹರಿಸುವ ಪ್ಲಾಸ್ಟಿಕ್‌ಗಳ ಶೋಧಕ್ಕೆ 2000ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿದೆ. ಆದರೆ ದೇಹದ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಲೇಪನ ಸುಲಿಯದೆ ಉಳಿಯಬೇಕು. ಇದೇ ದೊಡ್ಡ ಸವಾಲು. ಹಾಗಾಗಿ ಈ ಕೆಲಸ ಬಹುತೇಕ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ನಿಜವಾದ ಅಪಾಯ ಯಾವುದು?
ಎಲ್ಲ ಶಸ್ತ್ರಚಿಕಿತ್ಸೆಯಂತೆ ಇದರಲ್ಲೂ ಸೋಂಕಿನ ಅಪಾಯವಿದೆ. ಮೆದುಳುಜ್ವರ ತಡೆಯುವ ಲಸಿಕೆ ಹಾಕಿಸಬೇಕು. ಸಾಧನ ಕೆಟ್ಟು ಬದಲಿಸಬೇಕಾಗಿ ಬರಬಹುದು. ಎಂಆರ್‌ಐಗೆ ಮೊದಲು ಇಂಪ್ಲಾಂಟ್ ಇರುವುದನ್ನು ತಿಳಿಸಲೇಬೇಕು. ಆಪರೇಷನ್ ಆದೊಡನೆ ಮಗು ಮಾತಾಡುವುದಿಲ್ಲ; ಆಲಿಸುವ, ಮಾತಾಡುವ ತರಬೇತಿ ದೀರ್ಘಕಾಲ ಬೇಕು.

ಇವೆಲ್ಲಕ್ಕಿಂತ ದೊಡ್ಡ ನಷ್ಟ ತಡಮಾಡುವುದು. ಮೆದುಳು ಭಾಷೆಯನ್ನು ಅತಿ ಸುಲಭವಾಗಿ ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. "ದೊಡ್ಡವನಾದ ಮೇಲೆ ನೋಡೋಣ", "ಹೊಸ ಲೇಪನ ಬರಲಿ" ಎಂದು ಕಾದರೆ ಆ ವರ್ಷಗಳು ಮರಳಿ ಸಿಗುವುದಿಲ್ಲ.

ಏನು ಮಾಡಬೇಕು?
ಮಗು ಸದ್ದಿಗೆ ತಿರುಗುತ್ತಿಲ್ಲವೇ? ಆಶಾ ಕಾರ್ಯಕರ್ತೆಗೆ ಇಲ್ಲವೇ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. ತಾಲ್ಲೂಕು ಆಸ್ಪತ್ರೆಯಿಂದ ಕಲಬುರಗಿಗೆ ಕಳಿಸುವಂತೆ ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಇಂಪ್ಲಾಂಟ್ ನೆರವಿದೆ; ವಯಸ್ಸು, ಆದಾಯದ ಮಿತಿ ಇರುವುದರಿಂದ ಬೇಗ ವಿಚಾರಿಸಿ.

ತೀರ್ಮಾನ: ಇಂಪ್ಲಾಂಟ್ ತಂತಿ ತುಕ್ಕು ಹಿಡಿದು ಮೆದುಳಿಗೆ ಶಾಕ್ ಹೊಡೆಯುತ್ತದೆ ಎಂಬುದು ಸುಳ್ಳು. ಇಂಥ ಮೆಸೇಜ್ ಬಂದರೆ ಅಲ್ಲಿಗೇ ನಿಲ್ಲಿಸಿ, ಮಗುವಿನ ಕಿವಿ ಪರೀಕ್ಷೆ ಮಾಡಿಸಲು ಹೇಳಿ.