ಹಳಿ ಕಿತ್ತ ದಾರಿಯಲ್ಲಿ ಒಂದು ಬೆಳಗಿನ ನಡಿಗೆ

ಅಮೆರಿಕದ ನೆವಾಡಾ ರಾಜ್ಯ ಜೂಜಿಗೆ ಹೆಸರಾದದ್ದು. ಅದೇ ರಾಜ್ಯದಲ್ಲಿ, ಲಾಸ್ ವೇಗಾಸ್ ನಗರದ ಆಗ್ನೇಯಕ್ಕೆ, ಜೂಜಾಟಕ್ಕೆ ಅವಕಾಶವೇ ಇಲ್ಲದ ಊರೊಂದಿದೆ. ಹೆಸರು ಬೋಲ್ಡರ್ ಸಿಟಿ. ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟಲು ಬಂದ ಕೆಲಸಗಾರರಿಗಾಗಿ ಅಲ್ಲಿನ ಕೇಂದ್ರ ಸರ್ಕಾರ 1931ರಲ್ಲಿ ಕಟ್ಟಿಸಲಾರಂಭಿಸಿದ ಊರು ಇದು.

ಊರಿನ ಹೊರವಲಯದಲ್ಲಿ, ಮೀಡ್ ಸರೋವರದ ಸಂದರ್ಶಕರ ಕೇಂದ್ರದ ಬಳಿಯಿಂದ ಒಂದು ದಾರಿ ಹೊರಡುತ್ತದೆ. ಸುಮಾರು 6 ಕಿಲೋಮೀಟರ್ ನಡೆದರೆ ಅಣೆಕಟ್ಟು ತಲುಪಬಹುದು. ಸುತ್ತಲೂ ಕಡಿದಾದ ಬೋಳು ಬೆಟ್ಟಗಳಿದ್ದರೂ ದಾರಿ ಮಾತ್ರ ಅಗಲ, ಬಹುಮಟ್ಟಿಗೆ ಸಮತಟ್ಟು. ಏಕೆಂದರೆ ಒಂದು ಕಾಲಕ್ಕೆ ಇದು ರೈಲುದಾರಿ. ಭಾರ ಹೊತ್ತ ರೈಲಿಗೆ ಏರು ಒಗ್ಗುವುದಿಲ್ಲ. ಆದ್ದರಿಂದ ತಗ್ಗನ್ನು ತುಂಬಿದರು, ಬೆಟ್ಟವನ್ನು ಕೊರೆದರು.

ಇಲ್ಲಿ ನಡೆಯುವವರು ಬೆಳಕು ಹರಿಯುವ ಹೊತ್ತಿಗೇ ಹೊರಡುವುದು ವಾಡಿಕೆ. ಎಡಗಡೆ ಕೆಳಗೆ ಸರೋವರ, ಅದರಾಚೆ ಅರಿಜೋನಾ ದಡದಲ್ಲಿ ಲಾವಾ ಶಿಲೆಯ ಕಪ್ಪು ತಲೆ ಹೊತ್ತ ಫೋರ್ಟಿಫಿಕೇಷನ್ ಬೆಟ್ಟ. ಸೂರ್ಯ ಆ ಕಡೆಯಿಂದಲೇ ಬರುತ್ತಾನೆ. ಸುಮಾರು ಒಂದೂವರೆ ಕಿಲೋಮೀಟರ್ ಕಳೆದ ಮೇಲೆ ಮೊದಲ ಸುರಂಗ ಸಿಗುತ್ತದೆ. ಒಟ್ಟು ಐದು ಸುರಂಗಗಳು. ಒಂದೊಂದೂ ಸುಮಾರು 300 ಅಡಿ ಉದ್ದ, 25 ಅಡಿ ಅಗಲ. ಒಂದೇ ಹಳಿದಾರಿಗೆ ಇಷ್ಟು ದೊಡ್ಡ ಬಾಯಿ ಏಕೆ ಎಂದು ನೋಡಿದವರಿಗೆಲ್ಲ ಅನ್ನಿಸೀತು. ಅಣೆಕಟ್ಟಿಗೆ ಹೋಗಬೇಕಾಗಿದ್ದ ಭಾರಿ ಕೊಳವೆಯ ತುಂಡುಗಳೂ ಯಂತ್ರಗಳೂ ಬದಿಗೆ ತಾಗದೆ ದಾಟಲೆಂದು ಹೀಗೆ ಕೊರೆದರು. ಬಂಡೆ ಕುಸಿಯದಂತೆ ಒಳಗೆ ಮರದ ತೊಲೆಗಳ ಆಸರೆ. ಒಳಗೆ ಕಾಲಿಟ್ಟೊಡನೆ ತಂಪು. ಬಾವಲಿಗಳು ಈ ನೆರಳನ್ನೇ ಮನೆ ಮಾಡಿಕೊಂಡಿವೆ.

ಆ ತಂಪಿನಲ್ಲಿ ನಿಂತಾಗ 1931ರ ಬೇಸಿಗೆಯನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲ. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಆತುರದಲ್ಲಿ ಕಾಮಗಾರಿಯನ್ನು ಅವಧಿಗೆ ಮೊದಲೇ ಆರಂಭಿಸಲಾಯಿತು. ಊರು ಇನ್ನೂ ಎದ್ದಿರಲಿಲ್ಲ, ಜನ ಬಂದುಬಿಟ್ಟರು. ಹೆಂಡತಿ ಮಕ್ಕಳೊಡನೆ ನದಿಯ ದಂಡೆಯಲ್ಲಿ ಗುಡಾರ ಹಾಕಿ ಕುಳಿತರು. ಆ ಬೀಡಿಗೆ ರ‍್ಯಾಗ್‌ಟೌನ್, ಅಂದರೆ ಚಿಂದಿಯ ಊರು, ಎಂದೇ ಹೆಸರು ಬಿತ್ತು. ನೆರಳಿನಲ್ಲೂ ಉಷ್ಣಾಂಶ 43 ಡಿಗ್ರಿ ಸೆಲ್ಷಿಯಸ್ ದಾಟುತ್ತಿತ್ತು. ಕೆಲಸಗಾರರು ಬಿಸಿಲ ಹೊಡೆತಕ್ಕೆ ಕುಸಿದು ಸತ್ತರು. ಆಗಸ್ಟ್‌ನಲ್ಲಿ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಒಂದು, ಕುಡಿಯಲು ತಣ್ಣನೆಯ ಶುದ್ಧ ನೀರು. ಒಂದು ಮಹಾನದಿಯ ದಡದಲ್ಲಿ ಕೇಳಿದ ಬೇಡಿಕೆ ಇದು! ಮುಷ್ಕರ ಮುರಿದುಬಿತ್ತು. ವಸತಿ, ನೀರಿನ ವ್ಯವಸ್ಥೆ ಆಮೇಲೆ ಸುಧಾರಿಸಿದವು ಎನ್ನುವುದನ್ನೂ ಹೇಳಬೇಕು.

ಅಣೆಕಟ್ಟಿನ ಕೆಲಸದಲ್ಲಿ ಸತ್ತವರ ಅಧಿಕೃತ ಸಂಖ್ಯೆ 96. ನೀರಿನಲ್ಲಿ ಮುಳುಗಿದವರು, ಸಿಡಿಮದ್ದಿಗೆ ಸಿಕ್ಕಿದವರು, ಬಂಡೆ ಉರುಳಿ ಸತ್ತವರು, ಕಣಿವೆಯ ಗೋಡೆಯಿಂದ ಬಿದ್ದವರು ಈ ಲೆಕ್ಕದಲ್ಲಿದ್ದಾರೆ. ಬಿಸಿಲಿನಿಂದ ಸತ್ತವರು ಇಲ್ಲ. ನ್ಯುಮೋನಿಯಾದಿಂದ ಸತ್ತವರೆಂದು ಬರೆಯಲ್ಪಟ್ಟವರೂ ಇಲ್ಲ. ನದಿಯನ್ನು ತಿರುಗಿಸಲು ಕೊರೆಯುತ್ತಿದ್ದ ಸುರಂಗಗಳೊಳಗೆ ಪೆಟ್ರೋಲ್ ಲಾರಿಗಳು ಓಡುತ್ತಿದ್ದವು, ಅವುಗಳ ಹೊಗೆಯೇ ನಮ್ಮ ಕಾಯಿಲೆಗೆ ಕಾರಣ ಎಂದು ಹಲವು ಕಾರ್ಮಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಅಣೆಕಟ್ಟಿನ ಬಳಿ ಸತ್ತವರಿಗಾಗಿ ಒಂದು ಸ್ಮಾರಕ ಫಲಕವಿದೆ. ಮರುಭೂಮಿ ಅರಳಲೆಂದು ಇವರು ಮಡಿದರು ಎಂಬರ್ಥದ ಮಾತು ಅದರ ಮೇಲಿದೆ. ಆ ಮಾತು ಯಾರ ಯಾರನ್ನು ಒಳಗೊಂಡಿದೆ ಎಂಬುದು ಲೆಕ್ಕ ಬರೆದವರ ವರ್ಗೀಕರಣವನ್ನು ಅವಲಂಬಿಸಿದೆ ಎಂದು ನನಗೆ ತೋರುತ್ತದೆ.

ರೈಲಿನ ಕಥೆಗೆ ಮರಳೋಣ. 50 ಲಕ್ಷ ಪೀಪಾಯಿಗೂ ಮಿಕ್ಕಿದ ಸಿಮೆಂಟು ಬೇಕಾದ ಕಟ್ಟಡವದು. 726 ಅಡಿ ಎತ್ತರ. ಬೋಲ್ಡರ್ ಸಿಟಿಯಿಂದ ಕಣಿವೆಯ ಅಂಚಿಗೆ ಸರ್ಕಾರದ ರೈಲು, ಕಣಿವೆಯ ತಳಕ್ಕೆ ಗುತ್ತಿಗೆದಾರರಾದ ಸಿಕ್ಸ್ ಕಂಪನೀಸ್‌ನವರ ರೈಲು. 1935ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ರೂಸ್‌ವೆಲ್ಟ್ ಅಣೆಕಟ್ಟನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಆ ಹೊತ್ತಿಗೆ ಏರುತ್ತಿದ್ದ ಸರೋವರ ಕೆಳಗಿನ ದಾರಿಯನ್ನು ನುಂಗತೊಡಗಿತ್ತು. ಜಲ್ಲಿ ಬೇರ್ಪಡಿಸುತ್ತಿದ್ದ ಘಟಕವೂ ಮುಳುಗಿತು. ಮುಳುಗುಗಾರರು ನೀರಿನಡಿ ಇಳಿದು ಅದನ್ನು ನೋಡಿ ಬಂದಿದ್ದಾರೆ. ಮೇಲಿನ ದಾರಿ ಮಾತ್ರ 1961ರವರೆಗೆ, ಕೊನೆಯ ಜನರೇಟರನ್ನು ಸಾಗಿಸುವ ತನಕ, ಉಳಿಯಿತು. ಮರುವರ್ಷ ಹಳಿಗಳನ್ನು ಕಿತ್ತು ಗುಜರಿಗೆ ಮಾರಿದರು.

ಆಮೇಲೆ ಕೆಲವು ಕಾಲ ಹೇಳುವಂಥದ್ದೇನೂ ಇಲ್ಲ. 1978ರಲ್ಲಿ ಯಾರೋ ಕಿಡಿಗೇಡಿಗಳು ಐದನೆಯ ಸುರಂಗದ ಮರಕ್ಕೆ ಬೆಂಕಿ ಹಚ್ಚಿದರು. ಅದನ್ನು ಮುಚ್ಚಬೇಕಾಯಿತು. ದುರಸ್ತಿಯಾಗಿ ಮತ್ತೆ ತೆರೆದದ್ದು 2001ರಲ್ಲಿ. 

ಸುರಂಗಗಳ ನಡುವಿನ ಬಯಲಿನಲ್ಲಿ ನಿಂತು ಕೆಳಗೆ ನೋಡಿದರೆ ಸರೋವರದ ಅಂಚಿಗೆ ಬಂಡೆಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪಟ್ಟೆ ಕಾಣುತ್ತದೆ. ನೀರು ನಿಂತಿದ್ದ ಎತ್ತರದ ಗುರುತು ಅದು. 2022ರ ಜುಲೈನಲ್ಲಿ ನೀರಿನ ಮಟ್ಟ ತುಂಬು ಮಟ್ಟಕ್ಕಿಂತ 180 ಅಡಿಗೂ ಹೆಚ್ಚು ಕೆಳಗಿಳಿದಿತ್ತು. ಸರೋವರ ತುಂಬುತ್ತಿದ್ದ 1937ರ ನಂತರ ಅಷ್ಟು ಕೆಳಗೆ ಇಳಿದದ್ದೇ ಇಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಬೇಸಿಗೆಯ ಬಿಸಿಲು ಆ ಬಿಳುಪಿನ ಮೇಲೆ ಬಿದ್ದು ಕಣ್ಣು ಕುಕ್ಕತೊಡಗುತ್ತದೆ. ನಡೆಯಲು ಬಂದವರು ಆಗಲೇ ಹಿಂದಿರುಗುತ್ತಿರುತ್ತಾರೆ.