ಬಾರದೇ ಹೋದ ಎರಡನೆಯ ಆವೃತ್ತಿ

ವಿಶ್ವವಿದ್ಯಾಲಯಗಳು ತಮ್ಮವರ ಪ್ರಬಂಧ, ಲೇಖನ, ವರದಿಗಳನ್ನು ಕಾಪಿಡಲು ಬಳಸುವ ಡಿಸ್ಪೇಸ್ ತಂತ್ರಾಂಶದ ಆವೃತ್ತಿಗಳಲ್ಲಿ 2.0 ಎಂಬುದೇ ಇಲ್ಲ. 2011ರಲ್ಲಿ 1.8 ಬಂತು, ಮರುವರ್ಷ ನೇರವಾಗಿ 3.0. ಎರಡನೆಯದಕ್ಕಾಗಿ ಚರ್ಚೆ, ವಿನ್ಯಾಸ, ಪ್ರಯೋಗದ ಮಾದರಿ ಎಲ್ಲವೂ ನಡೆದಿದ್ದವು. ಬಳಕೆದಾರರ ಕೈಗೆ ಮಾತ್ರ ಅದು ತಲುಪಲಿಲ್ಲ. ಮುಕ್ತ ತಂತ್ರಾಂಶದ ನಾಳೆಯನ್ನು ಯೋಜಿಸುವವರು ನಕ್ಷೆಗಿಂತ ಮೊದಲು ಕೆಲಸದ ಕೈಗಳನ್ನೂ ಈಗಾಗಲೇ ದಾಖಲೆ ಒಪ್ಪಿಸಿರುವವರನ್ನೂ ಲೆಕ್ಕ ಹಿಡಿಯಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ನನಗೆ ಕಂಡಿಲ್ಲ.

ಅಮೆರಿಕದ ಎಂಐಟಿಯ ಗ್ರಂಥಾಲಯ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಕೂಡಿ 2002ರ ನವೆಂಬರಿನಲ್ಲಿ ಡಿಸ್ಪೇಸನ್ನು ಬಿಡುಗಡೆ ಮಾಡಿದವು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಂಥದೇ ತಂತ್ರಾಂಶ ಈಪ್ರಿಂಟ್ಸ್ ಅದಕ್ಕೂ ಎರಡು ವರ್ಷ ಹಿರಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ಭಂಡಾರವನ್ನು ಕಟ್ಟಿದ್ದು ಈಪ್ರಿಂಟ್ಸ್ ಮೇಲೆ. ಇದೇ ಊರಿನ ಗ್ರಂಥಾಲಯ ವಿಜ್ಞಾನ ಕೇಂದ್ರವಾದ ಡಿಆರ್‌ಟಿಸಿ ಡಿಸ್ಪೇಸನ್ನು ಆರಿಸಿಕೊಂಡು ಗ್ರಂಥಪಾಲಕರಿಗೆ ತರಬೇತಿಯನ್ನೂ ಕೊಟ್ಟಿತು. ಒಂದು ವಿಶ್ವವಿದ್ಯಾಲಯದ ಅಗತ್ಯಕ್ಕೆಂದು ಹೊಲಿದ ಅಂಗಿಯನ್ನು ಹೀಗೆ ಬೇರೆ ಬೇರೆ ಮೈಕಟ್ಟಿನವರು ತೊಟ್ಟಾಗ ಹೊಲಿಗೆ ಬಿಗಿಯಾಗುವುದು ಸಹಜವೇ. 2006ರಲ್ಲಿ ಒಂದು ಪರಿಶೀಲನಾ ಗುಂಪು ಡಿಸ್ಪೇಸಿನ ಒಳರಚನೆಯನ್ನು ಕೂಲಂಕಷವಾಗಿ ನೋಡಿ ಬದಲಾವಣೆಗಳನ್ನು ಸೂಚಿಸಿತು. 2.0ರ ಕನಸು ಬೆಳೆದದ್ದು ಅಲ್ಲಿಂದ. 2007ರಲ್ಲಿ ಡಿಸ್ಪೇಸ್ ಫೌಂಡೇಶನ್ ಹುಟ್ಟಿತು, 2009ರಲ್ಲಿ ಅದು ಫೆಡೋರಾ ಎಂಬ ಇನ್ನೊಂದು ಭಂಡಾರ ತಂತ್ರಾಂಶದ ಸಂಸ್ಥೆಯಾದ ಫೆಡೋರಾ ಕಾಮನ್ಸ್ ಜೊತೆ ಸೇರಿ ಡ್ಯುರಾಸ್ಪೇಸ್ ಆಯಿತು. ಆದರೆ ಕೋಡ್ ಬರೆಯುವ ಬಹುಪಾಲು ಮಂದಿಗೆ ಸಂಬಳ ಕೊಡುತ್ತಿದ್ದದ್ದು ಅವರವರ ವಿಶ್ವವಿದ್ಯಾಲಯ. ಅವರ ಹಗಲು ಮೊದಲು ತಮ್ಮ ಗ್ರಂಥಾಲಯದ ತುರ್ತಿಗೆ ಸಲ್ಲುತ್ತಿತ್ತು, ಉಳಿದದ್ದು ಎಲ್ಲರ ಕನಸಿಗೆ. ವಿನ್ಯಾಸ ಕೆಟ್ಟದ್ದಾಗಿತ್ತೆಂದು ನಾನು ಒಪ್ಪಲಾರೆ. ಅದರ ಕೆಲವು ಭಾಗಗಳನ್ನು ಹಳೆಯ 1.x ಸರಣಿಗೇ ತಂದು ಜೋಡಿಸಲಾಯಿತು, ಅವು ಬಾಳಿದವು.

ಹಾಗಾದರೆ ದೊಡ್ಡ ಹೆಜ್ಜೆಯನ್ನೇ ಇಡಬಾರದೇ? 2021ರ ಆಗಸ್ಟಿನಲ್ಲಿ ಬಂದ 7.0 ಬಳಕೆದಾರರಿಗೆ ಕಾಣುವ ಪುಟಗಳ ಹಳೆಯ ಎರಡೂ ವ್ಯವಸ್ಥೆಗಳನ್ನು ಕಿತ್ತು ಆಂಗ್ಯುಲರ್ ಎಂಬ ವೆಬ್ ಚೌಕಟ್ಟಿನಲ್ಲಿ ಹೊಸದನ್ನು ಕಟ್ಟಿತಲ್ಲ ಎಂದು ಕೇಳಬಹುದು. ಪ್ರಶ್ನೆ ಗಟ್ಟಿಯಾದದ್ದು. ಆದರೆ 6.0 ಬಂದದ್ದು 2016ರಲ್ಲಿ. ನಡುವಿನ ಅಂತರ ಹತ್ತಿರಹತ್ತಿರ ಐದು ವರ್ಷ. ಈ ಬಾರಿ ಕೆಲಸವನ್ನು ವೃತ್ತಿಯಾಗಿ ಮಾಡುವ ಅಟ್ಮೈರ್, ಫೋರ್‌ಸೈನ್ಸ್‌ನಂಥ ಕಂಪನಿಗಳು ಹೆಗಲು ಕೊಟ್ಟವು. ಸಮುದಾಯ, ಸಂಗ್ರಹ, ದಾಖಲೆ ಎಂಬ ಮೂಲ ಶ್ರೇಣಿ ಉಳಿಯಿತು; ದಾಖಲೆಗಳ ಶಾಶ್ವತ ಗುರುತಾದ ಹ್ಯಾಂಡಲ್ ಕೂಡ ಉಳಿಯಿತು. ಮಾರ್ಪಟ್ಟದ್ದು ಬಹಳ, ಕೊಟ್ಟ ಮಾತು ಮುರಿಯಲಿಲ್ಲ. 2.0ಕ್ಕೆ ದಕ್ಕದ ಯಶಸ್ಸು 7ಕ್ಕೆ ದಕ್ಕಿದ್ದಕ್ಕೆ ನಾನು ಕಾಣುವ ಕಾರಣ ಇದೇ.

ಮುಕ್ತ ತಂತ್ರಾಂಶವಲ್ಲವೇ, ಬೇಡದವರು ಹಳೆಯದನ್ನೇ ಇಟ್ಟುಕೊಳ್ಳಲಿ ಎನ್ನುವ ವಾದವೂ ಇದೆ. ಪರವಾನಗಿಯ ಮಟ್ಟಿಗೆ ಅದು ನಿಜ. ಆದರೆ ಭದ್ರತಾ ತಿದ್ದುಪಡಿ ನಿಂತ ಆವೃತ್ತಿಯನ್ನು ಅಂತರ್ಜಾಲದಲ್ಲಿ ತೆರೆದಿಡುವುದು ಅಪಾಯ. ಹೊಸದಕ್ಕೆ ಹೋಗಲು ತಾವೇ ತಿದ್ದಿಕೊಂಡ ಪುಟಗಳನ್ನೆಲ್ಲ ಮತ್ತೆ ಬರೆಯಬೇಕು. ಒಬ್ಬ ಗ್ರಂಥಪಾಲಕರೇ ಸರ್ವರನ್ನೂ ನೋಡಿಕೊಳ್ಳುವ ಕಾಲೇಜಿಗೆ ಆ ಸ್ವಾತಂತ್ರ್ಯ ಹೆಸರಿಗಷ್ಟೇ. ಆದ್ದರಿಂದ ಮುಂದಿನ ಯೋಜನೆ ಬರೆಯುವವರು ಸ್ಥಳಾಂತರದ ಸಾಧನ, ತರಬೇತಿ, ಹಳೆಯದಕ್ಕೆ ತಿದ್ದುಪಡಿ ಸಿಗುವ ಅವಧಿ ಇವನ್ನೂ ಹೊಸ ಸೌಲಭ್ಯಗಳ ಖರ್ಚಿನಲ್ಲೇ ಸೇರಿಸಬೇಕು. ಅದರಿಂದ ಪಟ್ಟಿಯ ಒಂದೆರಡು ಸೌಲಭ್ಯ ಕಡಿಮೆಯಾದರೆ ಆಗಲಿ.